ಟಿಕೀಟಿನ ಬೆಲೆ

ಹಣವುಳ್ಳವರು ಮನಸ್ಸು ಮಾಡಿದರೆ ಒಂದು ದೇವಸ್ಥಾನವನ್ನು ಒಂದೆರಡು ವರ್ಷಗಳಲ್ಲಿ ಕಟ್ಟಿಸಬಹುದು. ಗರ್ಭಗುಡಿ, ನವರಂಗ, ಗೋಪುರ, ಕಲ್ಯಾಣಿ ಎಲ್ಲವೂ ಶಾಸ್ತ್ರಕ್ಕೆ ಅನುಸಾರವಾಗಿಯೇ ಏಳುತ್ತವೆ. ಅರ್ಚಕರಿಗೆ ಸಂಬಳ ಗೊತ್ತಾಗುತ್ತದೆ. ಉತ್ಸವಮೂರ್ತಿಗೆ ಒಡವೆಗಳೂ ಬರುತ್ತವೆ. ಆದರೆ ಜಾತ್ರೆಯನ್ನು ಮಾತ್ರ ಯಾರೂ ಕಟ್ಟಿಸಲಾರರು. ಮಗಳ ಮದುವೆಗೆಂದು ಹರಕೆ ಹೊತ್ತವರು, ಅಜ್ಜನ ಕಾಲದಿಂದ ಗಾಡಿ ಕಟ್ಟಿಕೊಂಡು ಬರುತ್ತಿದ್ದವರು, ತೇರಿನ ಹಗ್ಗಕ್ಕೆ ಮೊದಲು ಕೈಹಚ್ಚುವ ಹಕ್ಕಿಗಾಗಿ ಪಕ್ಕದ ಹಳ್ಳಿಯವರೊಡನೆ ಮೂರು ತಲೆಮಾರು ಜಗಳವಾಡಿದವರು—ಇವರೆಲ್ಲರೂ ಕಾಲದಿಂದ ಒದಗತಕ್ಕವರೇ ಹೊರತು ಕೂಲಿಗೆ ಸಿಕ್ಕತಕ್ಕವರಲ್ಲ. ೨೦೧೩ನೆಯ ಇಸವಿಯ ಜುಲೈ ತಿಂಗಳಿನಲ್ಲಿ ಬೆಂಗಳೂರಿನಲ್ಲಿ ಒಂದು ಹೊಸ ಕಾಲ್ಚೆಂಡಿನ ತಂಡವು ಹುಟ್ಟಿದಾಗ ಅದರ ಸ್ಥಿತಿಯೂ ಹೆಚ್ಚುಕಡಮೆ ಹೀಗೆಯೇ ಇದ್ದಿತು.

ತಂಡಕ್ಕೆ ಹಣ ಹಾಕಿದವರು ಉಕ್ಕಿನ ಉದ್ಯಮದಿಂದ ಹೆಸರಾದ ಜೆ. ಎಸ್. ಡಬ್ಲ್ಯು. ಸಂಸ್ಥೆಯವರು; ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಕುಲುಮೆಗಳ ಮೂಲಕ ಅವರಿಗೆ ಕರ್ನಾಟಕದ ನಂಟು ಮೊದಲೇ ಇದ್ದಿತು. ಶಿಕ್ಷಕರಾಗಿ ಇಂಗ್ಲೆಂಡಿನ ಆಶ್ಲಿ ವೆಸ್ಟ್‌ವುಡ್ ಎಂಬವರು ಬಂದರು. ನಾಯಕತ್ವವು ಭಾರತ ತಂಡದ ನಾಯಕರಾಗಿದ್ದ ಸುನಿಲ್ ಛೇತ್ರಿಯವರ ಪಾಲಿಗೆ ಬಂದಿತು. ನೀಲಿಯ ಉಡುಪು ಗೊತ್ತಾಯಿತು, ಹೆಸರು ಬೆಂಗಳೂರು ಎಫ್. ಸಿ. ಎಂದಾಯಿತು. ಇಷ್ಟೆಲ್ಲ ಆದರೂ, ಆ ತಂಡವು ಸೋತರೆ ಅಂದಿನ ರಾತ್ರಿ ಊಟ ಸೇರದ ಮನುಷ್ಯನೊಬ್ಬನೂ ಊರಿನಲ್ಲಿ ಇನ್ನೂ ಹುಟ್ಟಿರಲಿಲ್ಲ.

ಹಾಗೆಂದು ಬೆಂಗಳೂರು ಕಾಲ್ಚೆಂಡನ್ನೇ ಕಾಣದ ಊರೆಂದು ಭಾವಿಸಬಾರದು. ದಂಡಿನ ಬಯಲುಗಳಲ್ಲಿ ಸೋಲ್ಜರರು ಆಡುತ್ತಿದ್ದುದನ್ನು ನೋಡಿ ಈ ಊರಿನ ಹುಡುಗರು ಬರಿಗಾಲಿನಲ್ಲಿ ಆ ಆಟವನ್ನು ಕಲಿತರು. ಕಲಿತು ಕಲಿಸಿದವರನ್ನೇ ಸೋಲಿಸುವಷ್ಟು ಬೆಳೆದರು. ೧೯೩೭ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡವು ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದಿತು. ಅದುವರೆಗೆ ಗೋರಾ ಪಲ್ಟನ್ನುಗಳ ಸೊತ್ತೆಂಬಂತಿದ್ದ ಆ ಬಹುಮಾನವು ಭಾರತೀಯರ ಕೈಸೇರಿದ್ದು ಅದೇ ಮೊದಲು. ಮರುವರ್ಷವೂ ಅದು ಬೆಂಗಳೂರಿಗೇ ಬಂದಿತು. ಪ್ರಾಂತಗಳ ನಡುವಣ ಸಂತೋಷ್ ಟ್ರೋಫಿಯನ್ನು ಮೈಸೂರು ತಂಡವು ೧೯೪೬-೪೭ರಲ್ಲಿ ಮೊದಲ ಸಲ ಗೆದ್ದಿತು. ೧೯೪೮ರಲ್ಲಿ ಲಂಡನ್ನಿನ ಒಲಿಂಪಿಕ್ ಕೂಟದಲ್ಲಿ ಫ್ರಾನ್ಸಿಗೆ ಎದುರಾಗಿ ಭಾರತದ ಒಂದೇ ಒಂದು ಗೋಲನ್ನು ಹೊಡೆದವರು ಬೆಂಗಳೂರಿನ ರಾಮನ್ ಅವರು. ಬಳಿಕ ಐ. ಟಿ. ಐ., ಎಚ್. ಎ. ಎಲ್. ಮೊದಲಾದ ಕಾರ್ಖಾನೆಗಳು ಆಟಗಾರರಿಗೆ ಕೆಲಸ ಕೊಟ್ಟು ತಂಡಗಳನ್ನು ಸಾಕಿದುವು. ಸಂಜೆಯ ಪಾಳಿ ಮುಗಿಸಿದವರು ಸಹೋದ್ಯೋಗಿಗಳ ಆಟವನ್ನು ನೋಡಲು ಹೋಗುತ್ತಿದ್ದ ಕಾಲ ಅದು. ಕಾರ್ಖಾನೆಗಳ ಐಸಿರಿ ಇಳಿಯಿತು. ದೂರದರ್ಶನವು ಕ್ರಿಕೆಟ್ಟನ್ನು ಪಡಸಾಲೆಗೆ ತಂದಿತು. ಹಲಸೂರಿನ ಗೌತಮಪುರ, ಆಸ್ಟಿನ್ ಟೌನ್ ಮುಂತಾದ ಕೇರಿಗಳಲ್ಲಿ ಮಾತ್ರ ಚೆಂಡು ಉರುಳುವುದು ನಿಲ್ಲಲಿಲ್ಲ.

ಹಲಸೂರಿನಲ್ಲಿ ಇಂಥ ಕಾಲವನ್ನು ಕಂಡ ಹಿರಿಯರೊಬ್ಬರಿದ್ದರು. ದೂರವಾಣಿನಗರದ ಐ. ಟಿ. ಐ.ಯಲ್ಲಿ ಲೆಕ್ಕಪತ್ರದ ಕೆಲಸ. ಎಳಂದೂರಿನ ಕಡೆಯಿಂದ ಅವರ ತಂದೆ ಅದೇ ಕಾರ್ಖಾನೆಯನ್ನು ನಂಬಿಕೊಂಡು ಬಂದವರು. ೧೯೬೮-೬೯ರಲ್ಲಿ ಮೈಸೂರು ತಂಡವು ನಾಲ್ಕನೆಯ ಸಲ ಸಂತೋಷ್ ಟ್ರೋಫಿಯನ್ನು ಗೆದ್ದಾಗ ಇವರಿಗೆ ಹನ್ನೆರಡು ವಯಸ್ಸು. ಆ ಮೇಲೆ ಅವರು ಕಾದರು. ರಾಜ್ಯದ ಹೆಸರು ಕರ್ನಾಟಕವೆಂದಾಯಿತು, ತಲೆ ನರೆಯಿತು, ಹೆಣ್ಣುಮಕ್ಕಳ ಮದುವೆಗಳಾದುವು. ಐದನೆಯ ಸಲ ಎಂಬುದು ಬರಲೇ ಇಲ್ಲ. ಹೊಸ ತಂಡದ ವಾರ್ತೆಯನ್ನು ಪತ್ರಿಕೆಯಲ್ಲಿ ಓದಿದಾಗ ಅವರು ಆಡಿದ ಮಾತು ಇಷ್ಟೇ: “ಕಂಪನಿಯವರದ್ದು. ನಾಳೆ ನಷ್ಟ ಬಂದರೆ ಮುಚ್ಚಿಬಿಡ್ತಾರೆ.” ಲೆಕ್ಕ ಬರೆದು ಮುದುಕಾದವರ ಮಾತು, ಸುಳ್ಳೆಂದು ತಳ್ಳಿಹಾಕುವಂತಹುದಲ್ಲ.

ಆದರೂ ಆ ಸೆಪ್ಟೆಂಬರಿನಲ್ಲಿ ಅವರು ಟಿಕೀಟು ಕೊಂಡರು. ಮೊದಲ ಪಂದ್ಯವು ಅಶೋಕನಗರದ ಹಳೆಯ ಫುಟ್‌ಬಾಲ್ ಸ್ಟೇಡಿಯಮ್ಮಿನಲ್ಲಿ. ಎದುರಾಳಿ ಕಲ್ಕತ್ತೆಯ ಮೋಹನ್ ಬಗಾನ್. ಅವರು ಹೋದದ್ದು ಹೊಸ ತಂಡಕ್ಕಾಗಿ ಅಲ್ಲ, ಆ ಎದುರಾಳಿಗಾಗಿ. ೧೮೮೯ರಲ್ಲಿ ಹುಟ್ಟಿ, ೧೯೧೧ರಲ್ಲಿ ಬರಿಗಾಲಿನ ಆಟಗಾರರೊಡನೆ ಬಿಳಿಯರ ಪಲ್ಟನ್ನನ್ನು ಸೋಲಿಸಿ ಐ. ಎಫ್. ಎ. ಶೀಲ್ಡನ್ನು ಗೆದ್ದ ತಂಡವು ಮನೆಯ ಬಾಗಿಲಿಗೆ ಬಂದಿರುವಾಗ ನೋಡದೆ ಇರುವುದೆಂತು? ಅಲ್ಲಿಗೆ ಬಂದ ಅನೇಕರ ಮನಸ್ಸು ಹೀಗೆಯೇ ಇದ್ದಿರಬೇಕು. ಆಟವು ಒಂದೊಂದು ಗೋಲಿನಿಂದ ಸಮವಾಯಿತು. ಹಿರಿಯರು ಚಪ್ಪಾಳೆ ತಟ್ಟಿದರು; ಯಾರಿಗೆಂದು ಅವರಿಗೇ ಗೊತ್ತಿರಲಿಲ್ಲ.

ಇಲ್ಲಿ ಟಿಕೀಟಿನ ವಿಷಯವಾಗಿ ಎರಡು ಮಾತು. ಅಕ್ಕಿಯನ್ನು ಕೊಂಡವನು ಅಕ್ಕಿಯನ್ನು ಮನೆಗೆ ಒಯ್ಯುತ್ತಾನೆ. ರೈಲಿನ ಟಿಕೀಟನ್ನು ಕೊಂಡವನು ಮೈಸೂರನ್ನಾದರೂ ಸೇರುತ್ತಾನೆ. ಕಾಲ್ಚೆಂಡಿನ ಟಿಕೀಟನ್ನು ಕೊಂಡವನು ಒಯ್ಯುವುದೇನು? ತೊಂಬತ್ತು ನಿಮಿಷಗಳ ಎದೆಬಡಿತ, ಬೇಕಾದರೆ ಒಂದು ಗಂಟಲುನೋವು. ಸಿನಿಮಾದಲ್ಲಿ ಆದರೆ ಕಥಾನಾಯಕನು ಗೆಲ್ಲುವನೆಂಬ ಭರವಸೆಯಾದರೂ ಉಂಟು. ಇಲ್ಲಿ ಅದೂ ಇಲ್ಲ. ಒಂದು ಗೋಲೂ ಆಗದೆ ಮುಗಿಯುವ ಆಟಗಳು ಎಷ್ಟಿಲ್ಲ! ಆದಕಾರಣ ಈ ಟಿಕೀಟಿನ ಮೇಲೆ ಅಚ್ಚಾದ ಬೆಲೆಗೂ ಅದರ ನಿಜವಾದ ಬೆಲೆಗೂ ಸಂಬಂಧವೇ ಇರುವುದಿಲ್ಲ. ಪುಕ್ಕಟೆ ಪಾಸು ಹಂಚಿ ಕ್ರೀಡಾಂಗಣ ತುಂಬಿಸಲು ಹೊರಟವರಿಗೆ ಇದು ಬೇಗನೆ ತಿಳಿಯುತ್ತದೆ. ಪಾಸು ಪಡೆದವನು ಮೋಡ ಕಂಡರೆ ಮನೆಯಲ್ಲಿಯೇ ನಿಲ್ಲುತ್ತಾನೆ. ಐವತ್ತು ರೂಪಾಯಿ ಕೊಟ್ಟವನು ಕೊಡೆ ಹಿಡಿದುಕೊಂಡು ಬರುತ್ತಾನೆ. ಬಂದ ಮೇಲೆ ರೆಫರಿಯನ್ನು ಬಯ್ಯುವ ಅಧಿಕಾರವೂ ತನ್ನದೆಂದು ತಿಳಿಯುತ್ತಾನೆ. ಬಯ್ಯುವವನು ಒಳ್ಳೆಯ ಪ್ರೇಕ್ಷಕ. ಆಕಳಿಸುವವನಿಗಿಂತ ಸಾವಿರ ಪಾಲು ಮೇಲು.

ಬರೀ ಒಳ್ಳೆಯ ಆಟವಾಗಲಿ ದೇಶದ ಹೆಸರಾಗಲಿ ಟಿಕೀಟಿಗೆ ಬೆಲೆ ತರಲಾರದೆಂಬುದಕ್ಕೆ ೨೦೧೮ರ ಜೂನ್ ತಿಂಗಳ ಒಂದು ಸಂಗತಿಯನ್ನು ಹೇಳಬಹುದು. ಮುಂಬಯಿಯಲ್ಲಿ ಭಾರತ ತಂಡವು ಚೈನೀಸ್ ತೈಪೆಯನ್ನು ಐದು ಗೋಲುಗಳಿಂದ ಸೋಲಿಸಿತು. ನಾಯಕ ಛೇತ್ರಿಯವರೇ ಮೂರು ಹೊಡೆದರು. ನೋಡಿದವರು ೨,೫೬೯ ಮಂದಿ. ಮರುದಿನ ಛೇತ್ರಿಯವರು ಕ್ಯಾಮರಾದ ಮುಂದೆ ನಿಂತು ಕೈಮುಗಿದು, ಬನ್ನಿ, ಬಂದು ಬೇಕಾದರೆ ನಮ್ಮನ್ನು ಬಯ್ಯಿರಿ, ಆದರೆ ಬನ್ನಿ ಎಂಬ ಅರ್ಥದ ಮಾತುಗಳನ್ನಾಡಿದರು. ಎರಡು ದಿನಗಳ ತರುವಾಯ ಕೀನ್ಯಾದ ಎದುರು ನಡೆದ ಪಂದ್ಯಕ್ಕೆ ಟಿಕೀಟುಗಳೆಲ್ಲ ಮಾರಿಹೋದುವು. ಸುರಿಯುವ ಮಳೆಯಲ್ಲಿ ಜನ ನಿಂತು ನೋಡಿದರು. ಆಟದ ಯೋಗ್ಯತೆಯು ಎರಡು ದಿನಗಳಲ್ಲಿ ಬದಲಾಗಿರಲಿಲ್ಲ. ತಾನು ಹೋಗದಿದ್ದರೆ ಯಾರಿಗೋ ನೋವಾಗುತ್ತದೆಂಬ ಅರಿವು ಜನರಿಗೆ ಬಂದಿತ್ತು, ಅಷ್ಟೆ.

ಬೆಂಗಳೂರಿನಲ್ಲಿ ಆ ಅರಿವು ಮೊದಲು ಮೊಳೆತದ್ದು ಅಶೋಕನಗರದ ಹಳೆಯ ಸ್ಟೇಡಿಯಮ್ಮಿನ ಪಶ್ಚಿಮದ ಅಟ್ಟಣಿಗೆಯಲ್ಲಿ. ಬಿಸಿಲು, ಕಾಂಕ್ರೀಟು, ಕಡಲೆಕಾಯಿಯ ಸಿಪ್ಪೆ ಇವುಗಳ ನಡುವೆ ಕಾಲೇಜಿನ ಹುಡುಗರೂ ಕಂಪ್ಯೂಟರಿನ ಕೆಲಸದವರೂ ಕೆಲವರು ನಿಂತುಕೊಂಡೇ ಆಟ ನೋಡತೊಡಗಿದರು. ಡೋಲು ಬಂದಿತು, ಬಾವುಟ ಬಂದಿತು; ಕನ್ನಡ, ಇಂಗ್ಲಿಷು, ತಮಿಳು ಕಲೆತ ಘೋಷಣೆಗಳು ಬಂದುವು. ವೆಸ್ಟ್ ಬ್ಲಾಕ್ ಬ್ಲೂಸ್ ಎಂದು ತಮಗೆ ತಾವೇ ಹೆಸರಿಟ್ಟುಕೊಂಡರು. ತಂಡವು ಕಂಠೀರವ ಕ್ರೀಡಾಂಗಣಕ್ಕೆ ಬಿಡಾರ ಬದಲಿಸಿದಾಗ ಆ ಹೆಸರನ್ನೂ ಗಂಟು ಕಟ್ಟಿಕೊಂಡು ಹೋದರು. ಕಂಠೀರವದಲ್ಲಿ ಬಯಲಿಗೂ ಪ್ರೇಕ್ಷಕರಿಗೂ ನಡುವೆ ಓಟದ ಹಾದಿ ಸುತ್ತುವರಿದಿರುವುದರಿಂದ ಆಟ ಕೊಂಚ ದೂರವಾಯಿತು. ಕೂಗು ಅದಕ್ಕೆ ತಕ್ಕಂತೆ ಹೆಚ್ಚಿತು. ಹಲಸೂರಿನ ಹಿರಿಯರಿಗೆ ಮೊದಮೊದಲು ಇದು ಹಿಡಿಸಲಿಲ್ಲ. ಆಟ ನೋಡಲು ಬಂದವರು ಬೆನ್ನು ತಿರುಗಿಸಿ ಹಾಡುವುದೇನು ಎಂಬುದು ಅವರ ಆಕ್ಷೇಪ.

ತಂಡವು ಹುಟ್ಟಿದ ಮೊದಲ ಋತುವಿನಲ್ಲಿಯೇ, ೨೦೧೪ರ ಏಪ್ರಿಲಿನಲ್ಲಿ, ಗೋವೆಯ ನೆಲದಲ್ಲಿ ಡೆಂಪೊ ತಂಡವನ್ನು ಸೋಲಿಸಿ ಐ-ಲೀಗಿನ ಪ್ರಶಸ್ತಿಯನ್ನು ತಂದಿತು. ಊರು ಸಂತೋಷಪಟ್ಟಿತು. ಆದರೆ ಅದು ದೂರದ ನೆಂಟರ ಮಗ ಪರೀಕ್ಷೆಯಲ್ಲಿ ಮೊದಲನೆಯವನಾದಾಗ ಆಗುವಂತಹ ಸಂತೋಷ: ಸಿಹಿ ತಿಂದು ಮರೆಯತಕ್ಕದ್ದು. ತಂಡವು ಊರಿನ ಮಗನಾದದ್ದು ೨೦೧೫ರ ಮೇ ೩೧ರಂದು. ಅಂದು ಅದು ಗೆಲ್ಲಲಿಲ್ಲ. ಋತುವಿನ ಕಡೆಯ ಪಂದ್ಯ, ಕಂಠೀರವದಲ್ಲಿ, ಮತ್ತೆ ಅದೇ ಮೋಹನ್ ಬಗಾನಿನೊಡನೆ. ಬೆಂಗಳೂರು ಗೆದ್ದರೆ ಪ್ರಶಸ್ತಿ ಬೆಂಗಳೂರಿಗೆ, ಸಮವಾದರೆ ಕಲ್ಕತ್ತೆಗೆ. ಮೊದಲರ್ಧದಲ್ಲಿಯೇ ಬೆಂಗಳೂರು ಒಂದು ಗೋಲು ಹೊಡೆದು ಅದನ್ನು ಜೋಪಾನವಾಗಿ ಕಾಪಾಡಿಕೊಂಡು ಬಂದಿತು. ಇನ್ನು ಕೆಲವೇ ನಿಮಿಷಗಳಿರುವಾಗ ಬೆಲ್ಲೊ ರಜಾಕ್ ಎಂಬ ನೈಜೀರಿಯಾದ ಆಟಗಾರನು ತಲೆಯಿಂದ ಚೆಂಡನ್ನು ಒಳಗೆ ತಳ್ಳಿದನು. ಹದಿಮೂರು ವರ್ಷಗಳಿಂದ ಪ್ರಶಸ್ತಿ ಕಾಣದಿದ್ದ ವಂಗೀಯರು ಬೆಂಗಳೂರಿನ ನಡುಮಧ್ಯದಲ್ಲಿ ಕುಣಿದರು. ಅಂದಿನ ರಾತ್ರಿ ಹಲಸೂರಿನ ಹಿರಿಯರಿಗೆ ಊಟ ಸೇರಲಿಲ್ಲ. ಮನೆಯವರು ಕಾರಣ ಕೇಳಿದರೆ ಹೊಟ್ಟೆ ಸರಿಯಿಲ್ಲವೆಂದರು.

ಕಲ್ಕತ್ತೆಯವರನ್ನು ಈ ವಿಷಯದಲ್ಲಿ ಯಾರೂ ಮೀರಿಸಲಾರರು. ೧೯೨೦ರಲ್ಲಿ ಈಸ್ಟ್ ಬೆಂಗಾಲ್ ಹುಟ್ಟಿದಂದಿನಿಂದ ಆ ನಗರವು ಒಳಗೊಳಗೇ ಎರಡಾಗಿದೆ. ಪೂರ್ವವಂಗದಿಂದ ಬಂದವರದೊಂದು, ಪಶ್ಚಿಮದವರದೊಂದು. ಒಬ್ಬರು ಗೆದ್ದರೆ ಪೇಟೆಯಲ್ಲಿ ಹಿಲ್ಸಾ ಮೀನಿಗೆ ಬೆಲೆ, ಇನ್ನೊಬ್ಬರು ಗೆದ್ದರೆ ಸಿಗಡಿಗೆ. ಕೇಳಲು ಸೊಗಸಾದ ಕಥೆ. ಆದರೆ ೧೯೮೦ರ ಆಗಸ್ಟ್ ೧೬ರಂದು ಈಡನ್ ಗಾರ್ಡನ್ಸಿನಲ್ಲಿ ಇವೆರಡು ತಂಡಗಳ ಆಟವನ್ನು ನೋಡಲು ಟಿಕೀಟು ಕೊಂಡು ಹೋದವರಲ್ಲಿ ೧೬ ಮಂದಿ ಮನೆಗೆ ಮರಳಲಿಲ್ಲ. ಅಟ್ಟಣಿಗೆಯಲ್ಲಿ ಎದ್ದ ಜಗಳ, ನೂಕುನುಗ್ಗಲು, ತುಳಿತ. ಎದುರಾಳಿಯಿಂದ ಟಿಕೀಟಿಗೆ ಬೆಲೆ ಬರುತ್ತದೆನ್ನುವವರು ಆ ಹದಿನಾರು ಟಿಕೀಟುಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

೨೦೧೬ರಲ್ಲಿ ಬೆಂಗಳೂರು ಮತ್ತೊಮ್ಮೆ ಐ-ಲೀಗನ್ನು ಗೆದ್ದಿತು. ಅದೇ ವರ್ಷ ಮಲೇಷ್ಯದ ಜೊಹೊರ್ ತಂಡವನ್ನು ಕಂಠೀರವದಲ್ಲಿ ಸೋಲಿಸಿ ಎ. ಎಫ್. ಸಿ. ಕಪ್ಪಿನ ಅಂತಿಮ ಪಂದ್ಯವನ್ನು ಸೇರಿದ ಮೊದಲ ಭಾರತೀಯ ತಂಡವೆನಿಸಿತು; ದೋಹಾದಲ್ಲಿ ಇರಾಕಿನವರಿಗೆ ಒಂದು ಗೋಲಿನಿಂದ ಸೋತಿತು. ೨೦೧೭ರಲ್ಲಿ ಐ-ಲೀಗನ್ನು ಬಿಟ್ಟು ಇಂಡಿಯನ್ ಸೂಪರ್ ಲೀಗನ್ನು ಸೇರಿತು. ಅಲ್ಲಿ ಅದಕ್ಕಾಗಿ ಕಾದಿದ್ದಂತೆ ಕೊಚ್ಚಿಯ ಕೇರಳ ಬ್ಲಾಸ್ಟರ್ಸ್ ಎಂಬ ತಂಡವಿದ್ದಿತು. ಅದೂ ೨೦೧೪ರಲ್ಲಿ ಹುಟ್ಟಿದ ಕೂಸು. ಆದರೆ ಮಲೆಯಾಳಿಗಳ ಕಾಲ್ಚೆಂಡಿನ ಹುಚ್ಚು ಹೊಸದಲ್ಲ; ಮೊದಲ ವರ್ಷಗಳಲ್ಲಿಯೇ ಐವತ್ತು ಸಾವಿರಕ್ಕೂ ಮಿಕ್ಕ ಜನ ಕೊಚ್ಚಿಯ ಕ್ರೀಡಾಂಗಣವನ್ನು ಹಳದಿಯಾಗಿಸಿದ್ದರು. ಮಂಜಪ್ಪಡ, ಅಂದರೆ ಹಳದಿಯ ಪಡೆ, ಎಂಬುದು ಅವರ ಅಭಿಮಾನಿ ಸಂಘದ ಹೆಸರು. ಈ ಎರಡು ತಂಡಗಳು ಮೊದಲು ಎದುರಾದದ್ದು ೨೦೧೭ರ ಡಿಸೆಂಬರ್ ೩೧ರಂದು, ಕೊಚ್ಚಿಯಲ್ಲಿ. ಬೆಂಗಳೂರು ಮೂರು-ಒಂದರಿಂದ ಗೆದ್ದು ಮಲೆಯಾಳಿಗಳ ಹೊಸ ವರ್ಷದ ಹಬ್ಬಕ್ಕೆ ಹುಳಿ ಹಿಂಡಿತು. ಹಗೆ ಹುಟ್ಟಲು ಇನ್ನೇನು ಬೇಕು?

ಕಲ್ಕತ್ತೆಯ ಎದುರಾಳಿ ಆಟ ಮುಗಿದ ಮೇಲೆ ರೈಲು ಹತ್ತಿ ಹೋಗುತ್ತಾನೆ. ಕೇರಳದ ಎದುರಾಳಿಯ ಸ್ಥಿತಿ ಹಾಗಲ್ಲ; ಅವನು ಬೆಂಗಳೂರಿನಲ್ಲಿಯೇ ಇರುತ್ತಾನೆ. ಆಸ್ಪತ್ರೆಯ ದಾದಿ, ಬೇಕರಿಯ ಯಜಮಾನ, ಕಾಲೇಜಿನ ಅಧ್ಯಾಪಕ, ಪಕ್ಕದ ಮೇಜಿನ ಎಂಜಿನಿಯರು—ಇವರೆಲ್ಲ ವರ್ಷದ ಮುನ್ನೂರ ಅರವತ್ತಮೂರು ದಿನ ನೆರೆಹೊರೆಯವರು. ಉಳಿದ ಎರಡು ದಿನ ವೈರಿಗಳು. ಬ್ಲಾಸ್ಟರ್ಸ್ ಬರುವ ದಿನ ಸುಮಾರು ೨೫,೦೦೦ ಆಸನಗಳ ಕಂಠೀರವದಲ್ಲಿ ಹಳದಿಯೂ ನೀಲಿಯೂ ಟಿಕೀಟಿಗಾಗಿ ಪೈಪೋಟಿ ನಡೆಸುತ್ತವೆ. ಎದುರಾಳಿ ದೊಡ್ಡವನಾದಷ್ಟೂ ಬೆಲೆಯನ್ನು ಏರಿಸುವುದು ಎಲ್ಲ ದೇಶದ ತಂಡಗಳಲ್ಲಿಯೂ ಕಾಣುವ ಪದ್ಧತಿ. ವ್ಯಾಪಾರದ ದೃಷ್ಟಿಯಿಂದ ತಪ್ಪೆನ್ನುವಂತಿಲ್ಲ. ಆದರೆ ಬೆಲೆ ಏರಿದಾಗ ಮೊದಲು ಹಿಂಜರಿಯುವವನು ಯಾರೆಂಬುದನ್ನು ನೋಡಬೇಕು. ಎದುರಾಳಿಗೆ ವರ್ಷಕ್ಕೊಂದೇ ದಿನ. ಅವನು ಏನನ್ನಾದರೂ ಕೊಡುತ್ತಾನೆ. ಖಾಲಿ ಕುರ್ಚಿಗಳ ನಡುವೆ, ಹೆಸರು ಕೇಳದ ತಂಡಗಳೊಡನೆ ನಡೆದ ಆಟಗಳಿಗೂ ತಪ್ಪದೆ ಬಂದವನು ಮಾತ್ರ ಅಂದು ಜೇಬು ಮುಟ್ಟಿಕೊಂಡು ಯೋಚಿಸುತ್ತಾನೆ. ಜಾತ್ರೆಯ ದಿನ ಊರವರಿಗೇ ದರ್ಶನವಾಗುವುದಿಲ್ಲವೆಂಬ ದೂರು ದೇವಸ್ಥಾನಗಳಲ್ಲಿಯೂ ಉಂಟಷ್ಟೆ.

ಹಲಸೂರಿನ ಹಿರಿಯರ ಮನೆಯ ಮಹಡಿಯಲ್ಲಿ ತ್ರಿಚೂರಿನ ಕಡೆಯ ಒಂದು ಕುಟುಂಬ ಬಾಡಿಗೆಗೆ ಇದ್ದಿತು. ಇಪ್ಪತ್ತು ವರ್ಷಗಳ ಬಾಡಿಗೆದಾರರು. ಓಣಂ ದಿನ ಕೆಳಗಿನ ಮನೆಗೆ ಪಾಯಸ ಬರುತ್ತಿತ್ತು, ಯುಗಾದಿಗೆ ಮೇಲಿನ ಮನೆಗೆ ಒಬ್ಬಟ್ಟು ಹೋಗುತ್ತಿತ್ತು. ಆ ಮನೆಯ ಹುಡುಗ ಹುಟ್ಟಿದ್ದು ಬೆಂಗಳೂರಿನಲ್ಲಿ, ಶಾಲೆಯಲ್ಲಿ ಕನ್ನಡ ಓದಿದವನು. ಹಿರಿಯರ ಕೈಹಿಡಿದುಕೊಂಡು ಮೊದಲು ಕಾಲ್ಚೆಂಡಿನ ಆಟ ನೋಡಿದ್ದೂ ಅಶೋಕನಗರದಲ್ಲಿಯೇ. ಅವನು ಒಂದು ದಿನ ಹಳದಿಯ ಅಂಗಿ ತೊಟ್ಟು ಮೆಟ್ಟಿಲಿಳಿದು ಬಂದ.

“ಏನಪ್ಪಾ ಇದು? ಹುಟ್ಟಿದ್ದು ಇಲ್ಲಿ, ಬೆಳೆದದ್ದು ಇಲ್ಲಿ, ಕುಡಿಯೋದು ಕಾವೇರಿ ನೀರು. ಅಂಗಿ ಮಾತ್ರ ಕೊಚ್ಚೀದೋ?”

“ಅಂಕಲ್, ನೀವೂ ಹುಟ್ಟಿದ್ದು ಬೆಂಗಳೂರಲ್ಲೇ ತಾನೆ? ವರ್ಷಾ ವರ್ಷಾ ಬಿಳಿಗಿರಿರಂಗನ ಬೆಟ್ಟಕ್ಕೆ ಯಾಕೆ ಹೋಗ್ತೀರಿ?”

“ಅದು ಮನೆದೇವರು ಕಣೋ.”

“ಇದೂ ಹಾಗೇ ಅಂಕಲ್.”

ಹಿರಿಯರಿಗೆ ಉತ್ತರ ತೋಚಲಿಲ್ಲ. ಮನೆದೇವರನ್ನು ಯಾರೂ ಆರಿಸಿಕೊಳ್ಳುವುದಿಲ್ಲ. ಇರುವ ಊರನ್ನು ನೋಡಿ ಬದಲಿಸುವುದೂ ಇಲ್ಲ. ಆದರೆ ಊರಿನ ದೇವರಿಗೂ ಒಂದು ಕಾಣಿಕೆ ಸಲ್ಲಬೇಕೆಂಬ ವಾದವೂ ಇದೆಯಲ್ಲವೆ? ಅದು ಆಗ ಅವರಿಗೆ ಹೊಳೆಯಲಿಲ್ಲ. ರಾತ್ರಿ ಹೊಳೆಯಿತು. ಆ ಹೊತ್ತಿಗೆ ಮಹಡಿಯ ದೀಪ ಆರಿತ್ತು.

೨೦೨೩ರ ಮಾರ್ಚ್ ೩ರಂದು ಇವೆರಡು ತಂಡಗಳು ಕಂಠೀರವದಲ್ಲಿ ಎದುರಾದುವು. ಸೋತವರು ಮನೆಗೆ, ಗೆದ್ದವರು ಸೆಮಿಫೈನಲಿಗೆ. ಹಿರಿಯರು ತಮಗೂ ಅಳಿಯನಿಗೂ ಎಂದು ನೀಲಿಯವರ ಕಡೆ ಎರಡು ಟಿಕೀಟುಗಳನ್ನು ಮುಂಚೆಯೇ ತೆಗೆದಿಟ್ಟಿದ್ದರು; ಅಳಿಯನಿಗೆ ಕಚೇರಿಯ ಕೆಲಸ ಬಂದಿತು. ಹುಡುಗನಿಗೆ ಹಳದಿಯವರ ಕಡೆ ಟಿಕೀಟು ಸಿಕ್ಕಿರಲಿಲ್ಲ. ಬೇರೆಯವರು ಎರಡರಷ್ಟು ಬೆಲೆ ಕೊಟ್ಟು ಆ ಟಿಕೀಟನ್ನು ಒಯ್ಯಲು ಸಿದ್ಧರಿದ್ದರು. ಹಿರಿಯರು ಕೊಂಡ ಬೆಲೆಗೇ ಹುಡುಗನಿಗೆ ಕೊಟ್ಟರು. ಹಣವನ್ನು ಆಮೇಲೆ ಕೊಟ್ಟರಾಯಿತು. ಆದರೆ ಹಳದಿಯ ಅಂಗಿ ಕೂಡದು, ಬಾಯಿ ಬಿಡಕೂಡದು ಎಂಬ ಕರಾರು. ಹುಡುಗ ಬೂದುಬಣ್ಣದ ಅಂಗಿಯಲ್ಲಿ ಬಂದು ನೀಲಿಯ ಸಮುದ್ರದ ನಡುವೆ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕುಳಿತ. ಆ ಕುರ್ಚಿಯ ಬೆಲೆ ಅಂದು ಅವನಿಗೆಷ್ಟೆಂದು ಹೇಳಬಲ್ಲವರಾರು! ಕೂಗಲು ಬಾರದವನಿಗೆ ಆಟವು ಇಮ್ಮಡಿ ಉದ್ದವಾಗುತ್ತದೆ.

ತೊಂಬತ್ತು ನಿಮಿಷಗಳಲ್ಲಿ ಗೋಲಾಗಲಿಲ್ಲ. ಹೆಚ್ಚಿನ ಅವಧಿಯ ಆಟ ಆರಂಭವಾಯಿತು. ೯೬ನೆಯ ನಿಮಿಷದಲ್ಲಿ ಕೇರಳದ ಗೋಲಿನ ಸಮೀಪದಲ್ಲಿಯೇ ಬೆಂಗಳೂರಿಗೆ ಫ್ರೀ ಕಿಕ್ ಸಿಕ್ಕಿತು. ಕೇರಳದ ಗೋಲ್‌ಕೀಪರನು ಮುಂದೆ ಬಂದು ತನ್ನವರನ್ನು ಗೋಡೆಯಾಗಿ ನಿಲ್ಲಿಸುವ ಏರ್ಪಾಡಿನಲ್ಲಿದ್ದನು. ಅಷ್ಟರಲ್ಲಿ ಛೇತ್ರಿಯವರು ಚೆಂಡನ್ನು ಮೆಲ್ಲನೆ ಎತ್ತಿ ಬರಿದಾದ ಗೋಲಿನೊಳಕ್ಕೆ ಇಟ್ಟುಬಿಟ್ಟರು. ರೆಫರಿ ಗೋಲೆಂದರು. ನಾವು ಸಿದ್ಧರಿರಲಿಲ್ಲ, ಸೀಟಿ ಊದಿರಲಿಲ್ಲವೆಂದು ಕೇರಳದವರು ಮುತ್ತಿದರು. ವಾದ ನಡೆಯಲಿಲ್ಲ. ಆಗ ಅವರ ಶಿಕ್ಷಕ ಇವಾನ್ ವುಕೊಮಾನೊವಿಚ್ ತಮ್ಮವರನ್ನೆಲ್ಲ ಬಯಲಿನಿಂದ ಹೊರಕ್ಕೆ ಕರೆದರು. ತಂಡವು ಹೊರಟುಹೋಯಿತು, ಮರಳಲಿಲ್ಲ. ಬೆಂಗಳೂರು ಒಂದು ಗೋಲಿನಿಂದ ಗೆದ್ದಂತಾಯಿತು. ಮುಂದೆ ಕೇರಳದ ತಂಡಕ್ಕೆ ನಾಲ್ಕು ಕೋಟಿ ರೂಪಾಯಿಗಳ ದಂಡವೂ ಶಿಕ್ಷಕರಿಗೆ ಹತ್ತು ಪಂದ್ಯಗಳ ನಿಷೇಧವೂ ಐದು ಲಕ್ಷದ ದಂಡವೂ ಬಿದ್ದುವು.

ಕ್ರೀಡಾಂಗಣದಲ್ಲಿ ನೀಲಿಯವರು ಕುಣಿಯುತ್ತಿದ್ದರು. ಏನಾಯಿತೆಂದು ತಿಳಿಯದವರೂ ಕುಣಿಯುತ್ತಿದ್ದರು. ಹಿರಿಯರು ಎದ್ದು ನಿಂತರು, ಮತ್ತೆ ಕುಳಿತರು. ನಿಯಮದಲ್ಲಿ ಅದಕ್ಕೆ ಅವಕಾಶವುಂಟೆಂಬುದು ಅವರಿಗೆ ಗೊ‌ತ್ತಿತ್ತು. ಎದುರಾಳಿ ಮೈಮರೆತಾಗ ಹೊಡೆಯುವುದು ಆಟದ ಚಾತುರ್ಯವೇ, ಮೈಮರೆತವನದೇ ತಪ್ಪು. ಆದರೂ ಪಕ್ಕದಲ್ಲಿ ಒಬ್ಬನು ಬಾಯಿ ಬಿಗಿದುಕೊಂಡು ಕುಳಿತಿರುವಾಗ ಆ ಗೆಲವು ಬಾಯಿಗೆ ಸಿಹಿಯಾಗಲಿಲ್ಲ. ಕಬ್ಬನ್ ಪಾರ್ಕ್ ನಿಲ್ದಾಣದಿಂದ ಹಲಸೂರಿನವರೆಗೆ ಮೆಟ್ರೋದಲ್ಲಿ ಇಬ್ಬರೂ ನಿಂತೇ ಬಂದರು. ಗಾಡಿಯ ತುಂಬ ನೀಲಿಯ ಹಾಡು. ಮನೆಯ ಗೇಟಿನ ಬಳಿ ಹುಡುಗ, “ಬರ್ತೀನಿ ಅಂಕಲ್” ಎಂದವನು ಮಹಡಿ ಹತ್ತಿದ.

ಮರುದಿನ ಅವನು ಹಣ ತಂದುಕೊಟ್ಟ. ಹಿರಿಯರು ಎಣಿಸಿ ನೋಡಿದರು; ಕಡಮೆಯಿದ್ದಿತು.

“ಇದೇನಪ್ಪಾ, ಲೆಕ್ಕ ತಪ್ಪಿದೆ.”

“ಇಲ್ಲ ಅಂಕಲ್. ನೂರಿಪ್ಪತ್ತು ನಿಮಿಷ ಆಗಬೇಕಿತ್ತು. ತೊಂಬತ್ತಾರಕ್ಕೆ ನಿಂತುಹೋಯಿತು. ಐದರಲ್ಲಿ ನಾಲ್ಕು ಪಾಲು ಕೊಟ್ಟಿದ್ದೀನಿ.”

ಮೂವತ್ತೈದು ವರ್ಷ ಲೆಕ್ಕ ಬರೆದವರಿಗೆ ಇದರಲ್ಲಿ ತಪ್ಪು ಹುಡುಕಲಾಗಲಿಲ್ಲ. ಅವರು ಹಣವನ್ನು ಜೇಬಿಗೆ ಹಾಕಿಕೊಂಡು, “ಆಟ ನಿಲ್ಲಿಸಿ ಎದ್ದುಹೋದವರು ನಿಮ್ಮವರು. ಉಳಿದ ಒಂದು ಪಾಲು ನಿನ್ನ ಬಾಕಿ” ಎಂದರು. ಇಬ್ಬರ ಮಾತಿಗೂ ಆಧಾರವಿದ್ದಿತು. ಹುಡುಗ ನಕ್ಕ, ನಗದೆ ಇರಬೇಕೆಂದೇ ಅವನು ಬಂದಿದ್ದನೆಂದು ತೋರುತ್ತದೆ.

ಅದೇ ಮಾರ್ಚ್ ೪ನೆಯ ದಿನ, ಅರಬ್ಬೀ ಸಮುದ್ರದಾಚೆ ರಿಯಾದ್ ನಗರದ ಕಿಂಗ್ ಫಹದ್ ಕ್ರೀಡಾಂಗಣದಲ್ಲಿ ಸಂತೋಷ್ ಟ್ರೋಫಿಯ ಅಂತಿಮ ಪಂದ್ಯವಿದ್ದಿತು: ಕರ್ನಾಟಕಕ್ಕೂ ಮೇಘಾಲಯಕ್ಕೂ. ಬೆಂಗಳೂರಿನವರು ಹಿಂದಿನ ದಿನದ ಫ್ರೀ ಕಿಕ್ಕನ್ನು ಹಿಂದಕ್ಕೂ ಮುಂದಕ್ಕೂ ಓಡಿಸಿ ನೋಡುತ್ತಿದ್ದರು. ರಿಯಾದಿನ ಮಾತನ್ನಾಡುವವರು ಬಹಳ ಮಂದಿ ಇರಲಿಲ್ಲ. ಹುಡುಗನೇ ತನ್ನ ಮೊಬೈಲಿನಲ್ಲಿ ಆಟವನ್ನು ಹುಡುಕಿ, ಸ್ಟೀಲಿನ ಲೋಟಕ್ಕೆ ಒರಗಿಸಿ ನಿಲ್ಲಿಸಿಕೊಟ್ಟ. ಹಿರಿಯರು ಕನ್ನಡಕವನ್ನು ಒರೆಸಿಕೊಂಡು ಕುಳಿತರು. ಸ್ವಲ್ಪ ಹೊತ್ತಿನ ಮೇಲೆ ಹುಡುಗ ಕೇಳಿದ:

“ಅಂಕಲ್, ಮೇಘಾಲಯದವರ ಮೇಲೆ ನಿಮಗೇನಾದರೂ ಸಿಟ್ಟಿದೆಯಾ?”

“ನನಗ್ಯಾಕಪ್ಪ ಸಿಟ್ಟು? ಪಾಪ, ಒಳ್ಳೇ ಹುಡುಗರು. ಎಷ್ಟು ಚೆನ್ನಾಗಿ ಓಡ್ತಾರೆ ನೋಡು.”

“ಹಾಗಾದ್ರೆ ಹೇಗೆ ನೋಡ್ತೀರಿ?”

ಅವನಿಗೆ ಅದು ನಿಜವಾದ ಪ್ರಶ್ನೆಯಾಗಿದ್ದಿತು, ಹಾಸ್ಯವಾಗಿರಲಿಲ್ಲ. ಕೇರಳದ ತಂಡವು ಆ ವರ್ಷ ಮೊದಲೇ ಹೊರಬಿದ್ದಿತ್ತು. ಹಗೆಯಿಲ್ಲದ ಆಟವು ಅವನ ಕಣ್ಣಿಗೆ ಉಪ್ಪಿಲ್ಲದ ಸಾರಿನಂತೆ ಕಂಡಿತು. ಐವತ್ತನಾಲ್ಕು ವರ್ಷ ಕಾದವರಿಗೆ ಉಪ್ಪು ಬೇರೆಡೆಯಲ್ಲಿತ್ತು; ಅದನ್ನು ಅವನಿಗೆ ತಿಳಿಯಹೇಳುವ ಬಗೆ ಅವರಿಗೆ ತೋರಲಿಲ್ಲ. ಕರ್ನಾಟಕವು ಮೂರು-ಎರಡರಿಂದ ಗೆದ್ದಿತು. ಹಿರಿಯರು ಚಪ್ಪಾಳೆ ತಟ್ಟಿದರು. ಅಡಿಗೆಮನೆಯಿಂದ ಮನೆಯವರು, ಏನಾಯಿತೆಂದು ಕೇಳಿದರು. “ಗೆದ್ದೆವು” ಎಂದರು. ಬೀದಿಯಲ್ಲಿ ಒಂದು ಪಟಾಕಿಯೂ ಹಾರಲಿಲ್ಲ. ಈ ಗೆಲವಿಗೆ ಟಿಕೀಟು ಕೊಂಡವರು ಹಲಸೂರಿನಲ್ಲಿ ಯಾರೂ ಇರಲಿಲ್ಲವಷ್ಟೆ.

ಹೊಸ ತಂಡವು ಆ ವರ್ಷದ ಅಂತಿಮ ಪಂದ್ಯದಲ್ಲಿ ಕಲ್ಕತ್ತೆಯವರಿಗೆ ಪೆನಾಲ್ಟಿಗಳಲ್ಲಿ ಸೋತಿತು. ೨೦೨೫ರ ಏಪ್ರಿಲಿನಲ್ಲಿ ಮತ್ತೊಮ್ಮೆ, ಕಲ್ಕತ್ತೆಯಲ್ಲಿಯೇ, ಎರಡು-ಒಂದರಿಂದ ಸೋತಿತು. ಸೋಲುಗಳು ಕೂಡುತ್ತ ಬಂದಂತೆ ಅದಕ್ಕೊಂದು ಚರಿತ್ರೆಯೂ ಕೂಡುತ್ತ ಬಂದಿತು. ಹನ್ನೆರಡು ವರ್ಷಗಳಲ್ಲಿ ಅಶೋಕನಗರದ ಅಟ್ಟಣಿಗೆಯ ಹುಡುಗರು ಮಕ್ಕಳೊಂದಿಗರಾಗಿ, ನೀಲಿಯ ಪುಟ್ಟ ಅಂಗಿಗಳನ್ನು ಹೊಲಿಸತೊಡಗಿದ್ದರು. ಆಟ ಮುಗಿದ ಮೇಲೆ ಆಟಗಾರರು ಪಶ್ಚಿಮದ ಅಟ್ಟಣಿಗೆಯ ಮುಂದೆ ಬಂದು ನಿಂತು, ಕೈಗಳನ್ನು ಮೇಲಕ್ಕೆತ್ತಿ, ಅವರೊಡನೆ ಒಂದೇ ತಾಳದಲ್ಲಿ ಚಪ್ಪಾಳೆ ತಟ್ಟುವ ಪದ್ಧತಿಯೊಂದು ಬೆಳೆದುಬಂದಿತ್ತು. ಸೋತ ದಿನವೂ ಅದು ತಪ್ಪುತ್ತಿರಲಿಲ್ಲ. ಹಿರಿಯರೂ ಅಷ್ಟು ಹೊತ್ತು ನಿಂತಿದ್ದು ಕೈಯೆತ್ತಿ ಬರುತ್ತಿದ್ದರು.

ಅನಂತರ ೨೦೨೫ರ ಜುಲೈ ಬಂದಿತು. ಲೀಗನ್ನು ನಡೆಸುವವರಿಗೂ ರಾಷ್ಟ್ರೀಯ ಒಕ್ಕೂಟಕ್ಕೂ ನಡುವಣ ಒಪ್ಪಂದವು ಮುಗಿಯುತ್ತ ಬಂದು ಹೊಸದು ಆಗದಿದ್ದುದರಿಂದ ಮುಂದಿನ ಋತುವನ್ನು ತಡೆಹಿಡಿಯಲಾಯಿತು. ಆಗಸ್ಟಿನಲ್ಲಿ ಬೆಂಗಳೂರಿನ ತಂಡವು ಮುಖ್ಯ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ನಿಲ್ಲಿಸಿತೆಂಬ ವಾರ್ತೆ ಬಂದಿತು. ಹಿರಿಯರು ಪತ್ರಿಕೆಯನ್ನು ಮಡಿಸಿಟ್ಟರು. ಹನ್ನೆರಡು ವರ್ಷಗಳ ಹಿಂದೆ ತಾವೇ ಆಡಿದ್ದ ಮಾತು ಅವರಿಗೆ ನೆನಪಾಗಿರಬೇಕು, ಬಾಯಿಬಿಟ್ಟು ಹೇಳಲಿಲ್ಲ. ಆಗ ಅದು ಲೆಕ್ಕದ ಮಾತಾಗಿತ್ತು. ಈಗ ಅದನ್ನೇ ಆಡಬೇಕಾದರೆ ಗಂಟಲು ಹಿಡಿಯುತ್ತಿತ್ತು.

ಸಂಜೆ ಮಹಡಿಯ ಹುಡುಗ ಕೆಲಸದಿಂದ ಬಂದವನು ಜಗಲಿಯಲ್ಲಿ ಕುಳಿತ. ಅವನ ತಂಡದ ಗತಿಯೂ ಅದೇ. ಇಬ್ಬರೂ ಒಂದೇ ಪತ್ರಿಕೆಯ ಒಂದೇ ಸುದ್ದಿಯನ್ನು ಎರಡು ಸಲ ಓದಿದರು. ಆಡಳಿತದವರನ್ನು ಬಯ್ಯುವುದರಲ್ಲಿ ಅವರಿಗೆ ಭಿನ್ನಾಭಿಪ್ರಾಯವಿರಲಿಲ್ಲ. ಅದರಿಂದಲೇ ಮಾತು ಬೇಗ ಮುಗಿದುಹೋಯಿತು.

“ಅಂಕಲ್, ಆ ಒಂದು ಪಾಲು ಬಾಕಿ ಇದೆಯಲ್ಲ.”

“ಇರಲಿ ಬಿಡು” ಎಂದರು ಹಿರಿಯರು. “ಆಟ ಶುರುವಾದ ದಿನ ಕೊಡುವೆಯಂತೆ.”